ಮಠದ ಗಿರಣಿಯೂ ಮನೆಯ ಬೀಸುಕಲ್ಲೂ: ಕೃತಕ ಬುದ್ಧಿಮತ್ತೆಯ ಫಲವಿಭಾಗವನ್ನು ಕುರಿತು ಒಂದು ಪರಾಮರ್ಶೆ

ಕೃತಕ ಬುದ್ಧಿಮತ್ತೆಯು ಪ್ರೌಢವಾದಂತೆಲ್ಲ ಅದರ ಫಲವು ಸರ್ವರಿಗೂ ಸಲ್ಲುವುದೇ, ಇಲ್ಲವೆ ಧನಿಕರ ಪಾಲಿಗೇ ನಿಲ್ಲುವುದೇ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಬಳಕೆಯಲ್ಲಿವೆ. ಉತ್ಪತ್ತಿ ಹೆಚ್ಚಿದರೆ ಅದರ ಲಾಭ ತಾನಾಗಿಯೇ ಎಲ್ಲರನ್ನೂ ಮುಟ್ಟುತ್ತದೆಂಬುದು ಒಂದು. ಯಂತ್ರವು ಎಂದೆಂದಿಗೂ ಉಳ್ಳವರ ಆಳೇ ಎಂಬುದು ಇನ್ನೊಂದು. ಡೆರಾನ್ ಅಸೆಮೊಗ್ಲು ಮತ್ತು ಸೈಮನ್ ಜಾನ್‌ಸನ್ ಅವರು 2023ರಲ್ಲಿ ಪ್ರಕಟಿಸಿದ 'ಪವರ್ ಅಂಡ್ ಪ್ರೋಗ್ರೆಸ್' ಎಂಬ ಗ್ರಂಥವು ಇವೆರಡನ್ನೂ ಒಪ್ಪುವುದಿಲ್ಲ. ಈ ಕಾರಣದಿಂದಲೇ ಅದನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ.

ಯಂತ್ರದ ಫಲ ಯಾರಿಗೆ ಸಲ್ಲಬೇಕೆಂಬುದನ್ನು ನಿರ್ಣಯಿಸುವುದು ಯಂತ್ರವಲ್ಲ, ಅದರ ಮೇಲೆ ಯಾರಿಗೆ ಅಧಿಕಾರವಿದೆಯೆಂಬುದು. ಇದೇ ಗ್ರಂಥದ ತಿರುಳು. ಇಂಗ್ಲೆಂಡಿನ ಬಟ್ಟೆಗಿರಣಿಗಳಲ್ಲಿ ಉತ್ಪತ್ತಿ ಬೆಳೆದರೂ ಸುಮಾರು 1840ರ ದಶಕದವರೆಗೆ ಕೂಲಿಗಾರರ ನಿಜವಾದ ಗಳಿಕೆ ಹೆಚ್ಚೇನೂ ಏರಲಿಲ್ಲ. ಅಮೆರಿಕದಲ್ಲಿ 1793ರ ಹತ್ತಿ ಬಿಡಿಸುವ ಯಂತ್ರವು ತೋಟದೊಡೆಯರನ್ನು ಶ್ರೀಮಂತರನ್ನಾಗಿಸಿ, ದಾಸ್ಯವನ್ನು ಇನ್ನಷ್ಟು ಬಿಗಿಗೊಳಿಸಿತು. ಮುಂದೆ ಇಂಗ್ಲೆಂಡಿನಲ್ಲಿ ಸ್ಥಿತಿ ಸುಧಾರಿಸಿದ್ದರ ಹಿಂದೆ ಕಾರ್ಮಿಕ ಸಂಘಗಳೂ 1833 ಹಾಗೂ 1847ರ ಕಾರ್ಖಾನೆ ಶಾಸನಗಳೂ ಇದ್ದವು.

ಈ ವಾದಕ್ಕೆ ಪೋಷಕವಾದ ಇನ್ನೊಂದು ವೃತ್ತಾಂತವು ನಮಗೆ ಬಹು ಅರ್ಥವತ್ತಾಗಿ ತೋರುತ್ತದೆ. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಒಕ್ಕಲುಗಳು ತಮ್ಮ ಧಾನ್ಯವನ್ನು ಮಠದ ಗಿರಣಿಯಲ್ಲಿಯೇ, ಸುಂಕ ತೆತ್ತು, ಬೀಸಿಸಬೇಕಾಗಿತ್ತು. ಮನೆಯಲ್ಲಿ ಬೀಸಿಕೊಳ್ಳುತ್ತಿದ್ದವರ ಬೀಸುಕಲ್ಲುಗಳನ್ನು 1330ರ ಸುಮಾರಿನಲ್ಲಿ ಮಠಾಧಿಪತಿ ರಿಚರ್ಡನು ಕಿತ್ತು ತರಿಸಿ ತನ್ನ ಮಠದ ನೆಲಕ್ಕೆ ಹಾಸಿಸಿದನು. (ಈತನು ಸಾಮಾನ್ಯನಲ್ಲ, ಗಣಿತಜ್ಞ, ಖಗೋಳ ಗಡಿಯಾರವನ್ನು ರೂಪಿಸಿದ ಯಂತ್ರಕೋವಿದ.) 1381ರ ದಂಗೆಯಲ್ಲಿ ಜನರು ಮಠಕ್ಕೆ ನುಗ್ಗಿ ಆ ಕಲ್ಲುಗಳನ್ನು ಕಿತ್ತು, ಒಡೆದು, ಚೂರುಗಳನ್ನು ತಮ್ಮಲ್ಲಿ ಹಂಚಿಕೊಂಡರು. ನೀರಿನ ಗಿರಣಿಯು ಬೀಸುಕಲ್ಲಿಗಿಂತ ಮೇಲಾದ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಜನರ ಕೋಪವಿದ್ದುದು ಗಿರಣಿಯ ಮೇಲಲ್ಲ, ಬೇರೆ ದಾರಿಯನ್ನು ಮುಚ್ಚಿದ ಹಕ್ಕಿನ ಮೇಲೆ.

ಇಷ್ಟರ ಮಟ್ಟಿಗೆ ಗ್ರಂಥಕರ್ತರೊಡನೆ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಅವರ ದೃಷ್ಟಿ ಮುಖ್ಯವಾಗಿ ಕೂಲಿಯ ಮೇಲೆ ನೆಟ್ಟಿದೆ. ಭಾಷೆಯ ಪ್ರಶ್ನೆ ಅವರ ವಿಚಾರದ ಕೇಂದ್ರದಲ್ಲಿಲ್ಲ. ಕನ್ನಡಿಗರಾದ ನಮಗೆ ಸುಂಕದ ಕಟ್ಟೆ ಮೊದಲು ಎದುರಾಗುವುದು ಅಲ್ಲಿಯೇ. ಭಾಷಾಯಂತ್ರಗಳು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆಯುತ್ತವೆ. ಅವುಗಳನ್ನು ತಮ್ಮ ಕೆಲಸಕ್ಕೆ ಅಳವಡಿಸಿಕೊಳ್ಳುವವರು ಸಾಮಾನ್ಯವಾಗಿ ಹಣ ತೆರುವುದು ಈ ತುಣುಕುಗಳ ಎಣಿಕೆಯಂತೆ. ಯಾವ ಅಕ್ಷರಸರಣಿ ಹೆಚ್ಚು ಬಳಕೆಯಲ್ಲಿದೆಯೋ ಅದು ಇಡಿಯಾಗಿ ಒಂದೇ ತುಣುಕಾಗುತ್ತದೆ. ಆದುದರಿಂದ ಇಂಗ್ಲಿಷಿನ ಸಾಮಾನ್ಯ ಪದವೊಂದು ಒಂದೇ ಟೋಕನ್ ಆಗುವಾಗ, ಕನ್ನಡದ ಪದ ಚೂರುಚೂರಾಗುತ್ತದೆ. ಮೊದಲ ಹೊರೆ ಲಿಪಿಸಂಕೇತದಲ್ಲಿಯೇ ಇದೆ: ಬಹುತೇಕ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ 'ಕ್ಷ'ಕ್ಕೆ ಒಂಬತ್ತು ಬೇಕು.

ಇದು ಅನಿವಾರ್ಯವಾದ ವಿಧಿಯಲ್ಲ. 2024ರ ಮೇ ತಿಂಗಳಲ್ಲಿ ಓಪನ್‌ಎಐ ಸಂಸ್ಥೆ ತನ್ನ ವಿಭಜನ ಕ್ರಮವನ್ನು ಬದಲಿಸಿದಾಗ, ಮಾದರಿಗೆ ಕೊಟ್ಟ ತೆಲುಗು ಬರಹದ ಟೋಕನ್‌ಗಳು 159ರಿಂದ 45ಕ್ಕೆ ಇಳಿದುವೆಂದು ತಾನೇ ಪ್ರಕಟಿಸಿತು. ತೆಲುಗು ಭಾಷೆ ಆ ದಿನ ಸರಳವಾಗಲಿಲ್ಲ. ಗಿರಣಿಯೊಡೆಯನು ಕೊಳಗವನ್ನು ತಿದ್ದಿದನು, ಅಷ್ಟೆ. ತಿದ್ದದೆ ಇದ್ದಿದ್ದರೆ ಕೇಳುವವರಾರು? ಗ್ರಂಥಕರ್ತರು ಸೂಚಿಸುವ ಪರಿಹಾರಗಳಲ್ಲಿ ಸಂಘಟನೆಯೂ ಡಿಜಿಟಲ್ ಜಾಹೀರಾತಿನ ಮೇಲಣ ತೆರಿಗೆಯೂ ಸೇರಿವೆ. ಅಮೆರಿಕದ ಖಜಾನೆಗೆ ಸಲ್ಲುವ ತೆರಿಗೆಯಿಂದ ಕನ್ನಡದ ಕೊಳಗ ಸರಿಯಾಗುವ ಬಗೆ ನಮಗೆ ಕಾಣದು. ದೂರದ ಗಿರಣಿಯ ಒಕ್ಕಲುಗಳಿಗೆ ಸಂಘವೆಲ್ಲಿದೆ?

ಬೀಸುಕಲ್ಲುಗಳೂ ಇಲ್ಲದಿಲ್ಲ. ಮದರಾಸಿನ ಐಐಟಿಯ 'ಎಐ4ಭಾರತ್' ತಂಡವು 2023ರಲ್ಲಿ ಸಿದ್ಧಪಡಿಸಿದ 'ಇಂಡಿಕ್‌ಟ್ರಾನ್ಸ್2' ಎಂಬ ಅನುವಾದಯಂತ್ರವು ಸಂವಿಧಾನದ 8ನೆಯ ಅನುಸೂಚಿಯ 22 ಭಾಷೆಗಳನ್ನೂ ಒಳಗೊಂಡಿದ್ದು, ಯಾರು ಬೇಕಾದರೂ ಪಡೆದು ತಮ್ಮಲ್ಲಿಯೇ ನಡೆಸಬಹುದಾಗಿದೆ. ಅನುವಾದಕ್ಕೆ ಇದು ಒದಗೀತು. ದೊಡ್ಡ ಗಿರಣಿಯ ಎಲ್ಲ ಕೆಲಸಕ್ಕೆ ಒದಗದು. ಸಹಸ್ರಾರು ಗಣಕ ಚಿಪ್ಪುಗಳನ್ನು ಕೊಳ್ಳಬಲ್ಲವರು ಕೆಲವರೇ.

ಓಪನ್‌ಎಐ ಅಂದು ಪ್ರಕಟಿಸಿದ ಪಟ್ಟಿಯಲ್ಲಿ 20 ಭಾಷೆಗಳಿದ್ದುವು; ಕನ್ನಡ ಅವುಗಳಲ್ಲಿ ಇರಲಿಲ್ಲ. ಒಂದೇ ಗದ್ಯಭಾಗವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಟ್ಟು, ಬೇರೆ ಬೇರೆ ಯಂತ್ರಗಳಲ್ಲಿ ಟೋಕನ್‌ಗಳನ್ನು ಎಣಿಸಿ ಆ ಲೆಕ್ಕವನ್ನು ತುಂಬುವುದು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಒಂದು ವಾರದ ಕೆಲಸ.