ನೀರಿನಾಳದ ಪತ್ತೇದಾರಿಣಿ: ಒಂದು ವಿಮರ್ಶಾತ್ಮಕ ಟಿಪ್ಪಣಿ

1952ರಲ್ಲಿ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಬಂದಂದಿನಿಂದ ಕನ್ನಡದ ಪತ್ತೇದಾರಿ ಕಾದಂಬರಿ ಬಹುಮಟ್ಟಿಗೆ ಕಣ್ಣನ್ನು ನಂಬಿದ ಪ್ರಕಾರ. ರಕ್ತದ ಕಲೆ, ಹೆಜ್ಜೆಗುರುತುಗಳೇ ಅದರ ಸಾಕ್ಷ್ಯ. ನೀರಿನಾಳಕ್ಕಿಳಿದು ಶೋಧಿಸುವ ಹೆಣ್ಣಿನ ರೋಚಕ ಕಥನ ಓದುಗರನ್ನು ಸೆಳೆಯುವುದು ಈ ನಂಬಿಕೆಯನ್ನೇ ಅಲುಗಾಡಿಸುವುದರಿಂದ. ನೀರಿನಲ್ಲಿ ಮೊದಲು ಮರೆಯಾಗುವ ಬಣ್ಣ ಕೆಂಪು. ಆಳದಲ್ಲಿ ರಕ್ತವೂ ಕೆಂಪಾಗಿ ಕಾಣದು. ಕೊಪ್ಪ ತಾಲ್ಲೂಕಿನ ನಾರ್ವೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಆಷಾಢದ ತುಂಗೆಯ ರಾಡಿನೀರಿನಲ್ಲಿ ಮುಳುಗಿದವರು ತಮ್ಮ ಕೈಯನ್ನೇ ಕಾಣಲಾರರು. ಅಲ್ಲಿ ಶೋಧ ಸಾಗುವುದು ಬೆರಳುಗಳಿಂದ, ಎಣಿಸಿದ ಉಸಿರಿನಲ್ಲಿ.

ಈ ಪ್ರಕಾರದ ದುರ್ಬಲ ಕೃತಿಗಳು ನೀರನ್ನು ಸದಾ ತಿಳಿಯಾಗಿಯೇ ಇಡುತ್ತವೆ. ನಾಯಕಿಯ ಮೈ ಕಾಣಲೆಂಬುದರ ಹೊರತು ಅದಕ್ಕೆ ಬೇರೆ ಕಾರಣ ನನಗೆ ತೋರದು. ನೀರು ಕದಡಿದಾಗಲೇ ಆಕೆ ನೋಟದ ವಸ್ತುವಾಗಿ ಉಳಿಯದೆ ಶೋಧಕಿಯಾಗುತ್ತಾಳೆ.

ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಮಲೆನಾಡಿನ ನಿಗೂಢವನ್ನು ಏಲಕ್ಕಿಯ ಸುತ್ತ ಹುಡುಕಿತು. ನಾ. ಡಿಸೋಜರ ‘ದ್ವೀಪ’ದ ನಾಗವೇಣಿ ಏರುವ ನೀರನ್ನು ಎದುರಿಸಿದಳು, ಅದರ ತಳವನ್ನು ಶೋಧಿಸುವುದು ಆ ಕೃತಿಯ ಉದ್ದೇಶವಲ್ಲ. ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರಿನಡಿ ಮುಳುಗಿದ ಊರುಗಳಿವೆ. ಅಲ್ಲಿಗಿಳಿದರೆ ಅಪರಾಧಿ ಯಾರೆಂಬ ಪ್ರಶ್ನೆ ಒಬ್ಬ ವ್ಯಕ್ತಿಯಲ್ಲಿ ಮುಗಿಯಲಾರದು. ಪತ್ತೇದಾರಿಣಿಯ ಕೈಗೆ ಶವಕ್ಕಿಂತ ಮೊದಲು ಹೊಸ್ತಿಲು, ಬಾವಿಕಟ್ಟೆ, ಗಡಿಕಲ್ಲು ತಾಗುತ್ತವೆ.