ಯಜಮಾನರ ಅಂಗಳದಲ್ಲಿ ಕಾರ್ಮಿಕರ ಸಂಜೆ

ಸಾಂಗಲಿ ನಾಟಕದ ಊರು. 1843ರಲ್ಲಿ ವಿಷ್ಣುದಾಸ ಭಾವೆ ಇಲ್ಲಿ ಆಡಿಸಿದ ‘ಸೀತಾ ಸ್ವಯಂವರ’ದಿಂದಲೇ ಮರಾಠಿ ರಂಗಭೂಮಿ ತನ್ನ ವಯಸ್ಸು ಎಣಿಸುತ್ತದೆ. ಅದಕ್ಕೆ ಪ್ರೇರಣೆ ನಮ್ಮ ಕಡೆಯಿಂದ ಹೋದ ಭಾಗವತರ ಮೇಳ. ಆದರೆ ಅದು ಅರಮನೆಯ ಆಶ್ರಯದ ಆಟ. ಹಗಲು ಲೇತ್ ಮುಂದೆ ನಿಂತವರು ರಾತ್ರಿ ಬಣ್ಣ ಹಚ್ಚಿದ್ದು ಮಿರಜ–ಪುಣೆ ರೈಲುದಾರಿಯ ಕಿರ್ಲೋಸ್ಕರವಾಡಿಯಲ್ಲಿ, ಗಣೇಶೋತ್ಸವದ ನಾಟಕಗಳಲ್ಲಿ.

ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗ ಕಳೆದುಕೊಂಡ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರಿಗೆ ಔಂಧದ ರಾಜರು ಕುಂಡಲದ ಬಳಿ 32 ಎಕರೆ ಕೊಟ್ಟರು. ಪಾಪಾಸುಕಳ್ಳಿ, ಹಾವುಗಳ ಬೀಡು ಅದು. 1910ರಲ್ಲಿ ಅದನ್ನು ಕಡಿದು ನೇಗಿಲಿನ ಕಾರ್ಖಾನೆಯ ಜೊತೆಗೇ ಕಿರ್ಲೋಸ್ಕರವಾಡಿ ಎಂಬ ಈ ಊರನ್ನೂ ಕಟ್ಟಿದರು. ಅಸ್ಪೃಶ್ಯತೆಗೆ ಅಲ್ಲಿ ಜಾಗವಿರಲಿಲ್ಲ. ಜೈಲಿನಿಂದ ಬಿಡುಗಡೆಯಾದವರನ್ನೇ ರಾತ್ರಿ ಪಹರೆಗೆ ನಿಲ್ಲಿಸಿದರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಕಟ್ಟೆಯ ಮೇಲೆ ಯಾರು ಕೂರಬೇಕೆಂಬುದು ಹುಟ್ಟಿನಿಂದಲೇ ತೀರ್ಮಾನವಾಗುತ್ತಿದ್ದ ಕಾಲದಲ್ಲಿ ಇದೇನೂ ಸಣ್ಣ ಮಾತಲ್ಲ.

ಹಾಗೆಂದು ನಾಟಕದ ಈ ಸಂಜೆಗಳನ್ನು ಕಾರ್ಮಿಕರ ಸ್ವಂತ ಗಳಿಕೆ ಎನ್ನಲು ನನಗೆ ಮನಸ್ಸಿಲ್ಲ. ಮನೆ, ತೋಟ, ಶಾಲೆ, ಆಟ ಎಲ್ಲವೂ ಕಾರ್ಖಾನೆಯವು. ಕೆಲಸ ಹೋದರೆ ಸೂರೂ ಹೋಯಿತು, ರಂಗಸ್ಥಳವೂ ಹೋಯಿತು. ಊರಿನ ಉಸ್ತುವಾರಿ ಲಕ್ಷ್ಮಣರಾಯರ ಅಣ್ಣ ರಾಮುಅಣ್ಣನವರದು. ಊರಿನ ಕಷ್ಟಸುಖವನ್ನೆಲ್ಲ ಮೈಮೇಲೆ ಹಾಕಿಕೊಂಡ ಜೀವ. ಮ್ಯಾನೇಜರನೊಡನೆ ಜಗಳವಾಡಬಹುದು. ಮನೆಯ ಹಿರಿಯನೊಡನೆ ಹೇಗೆ?

ಕಿರ್ಲೋಸ್ಕರವಾಡಿಯ ಸಾಮಾಜಿಕ ಬದುಕಿನಲ್ಲಿ ನಾನು ಹೆಚ್ಚು ಬೆಲೆ ಕಟ್ಟುವುದು ರಂಗಕ್ಕಲ್ಲ, ಅಚ್ಚುಕೂಟಕ್ಕೆ. 1920ರಲ್ಲಿ ಕಂಪನಿಯ ಸುದ್ದಿಪತ್ರವಾಗಿ ಹುಟ್ಟಿದ ‘ಕಿರ್ಲೋಸ್ಕರ ಖಬರ್’ ಶಂಕರರಾವ್ ಕಿರ್ಲೋಸ್ಕರರ ಕೈಯಲ್ಲಿ ವಿಚಾರಪತ್ರಿಕೆಯಾಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ’ ಬಂದವು. ಪಂಪು ಮಾಡುವ ಊರೊಂದು ಮರಾಠಿ ಮನೆಗಳ ಅಡುಗೆಮನೆಯವರೆಗೂ ಚರ್ಚೆ ಮುಟ್ಟಿಸಿತು. ಓದುಗರು ಬಹುಪಾಲು ಮಧ್ಯಮವರ್ಗದವರು ಎಂಬ ಕೊರತೆ ಇದ್ದೇ ಇದೆ. ಎರಕದ ಮನೆಯ ಬಿಸಿಯಲ್ಲಿ ಬೆಂದವನ ಮಾತು ಬೇರೆಯೇ ಇದ್ದೀತು.

ಇದೇ ಪರಿಸರದಲ್ಲಿ ಬೇರೊಂದು ದಾರಿಯೂ ತೆರೆದಿತ್ತು. 1939ರಲ್ಲಿ ಔಂಧದ ರಾಜರು, ಗಾಂಧೀಜಿಯ ಸಲಹೆ ಪಡೆದು, ಅಧಿಕಾರವನ್ನು ಪಂಚಾಯತಿಗಳಿಗೆ ಬಿಟ್ಟುಕೊಟ್ಟರು. ಪಟ್ಟದ ಮೇಲಿದ್ದವರೇ ಕೆಳಗಿಳಿದರೂ ಕಾರ್ಖಾನೆಯ ಗೇಟಿನೊಳಗೆ ಆ ಗಾಳಿ ಹೊಕ್ಕಂತಿಲ್ಲ. ಆಮೇಲೆ, 1943ರಿಂದ, ಪಕ್ಕದ ಕುಂಡಲ, ಬ್ರಿಟಿಷರಿಗೆ ಎದುರಾಗಿ ನಾನಾ ಪಾಟೀಲರು ನಡೆಸಿದ ‘ಪ್ರತಿ ಸರ್ಕಾರ’ದ ಕೇಂದ್ರವಾಯಿತು. ಅಲ್ಲಿನ ಜನ ನ್ಯಾಯ ತೀರ್ಮಾನವನ್ನು ತಾವೇ ಮಾಡಿದರು, ವರದಕ್ಷಿಣೆ, ಆಡಂಬರವಿಲ್ಲದೆ ಮದುವೆ ಮಾಡಿಸಿದರು, ಪೊಲೀಸರು ಬಂದರೆ ಬೆಳೆಯೊಳಗೆ ಮರೆಯಾದರು. ಅವರಿಗೆ ಕ್ವಾರ್ಟರ್ಸೂ ಇರಲಿಲ್ಲ, ತೋಟವೂ ಇರಲಿಲ್ಲ. ಸಭೆ ಕರೆಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.