ಪೂರ್ವನಿಶ್ಚಯವೂ ವಚನಾರ್ಥವೂ

ಪಠ್ಯವನ್ನು ತೆರೆಯುವ ಮೊದಲೇ ಅದರ ಅರ್ಥವನ್ನು ನಿಶ್ಚಯಿಸಿಕೊಂಡು, ಅದಕ್ಕೆ ಒಪ್ಪುವ ಮಾತುಗಳನ್ನಷ್ಟೇ ಆರಿಸಿಕೊಳ್ಳುವ ಪ್ರವೃತ್ತಿಯೊಂದುಂಟು. ಬರಿಯ ಹಟಮಾರಿಯು ಆಧಾರವನ್ನೇ ಬೇಡುವುದಿಲ್ಲವಾದ್ದರಿಂದ ಅವನನ್ನು ಗುರುತಿಸುವುದು ಸುಲಭ. ಇಂಥವನಾದರೋ ಶ್ರಮವಹಿಸಿ ಆಧಾರಗಳನ್ನು ಕೂಡಿಸುತ್ತಾನೆ. ಆದ್ದರಿಂದ ಅವನ ದೋಷವು ವಿದ್ವತ್ತಿನಂತೆಯೇ ತೋರುತ್ತದೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಇಷ್ಟಲಿಂಗದೀಕ್ಷೆಯ ಪ್ರಶ್ನೆಯನ್ನೇ ನೋಡಬಹುದು. ರಾಘವಾಂಕನ 'ಸಿದ್ಧರಾಮ ಚಾರಿತ್ರ'ದಲ್ಲಿ ಈ ಪ್ರಸಂಗವಿಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಮೊದಲ ಶೂನ್ಯಸಂಪಾದನೆಯಲ್ಲಿಯೂ ಇಲ್ಲ. ಮುಂದಿನ ಪರಿಷ್ಕರಣಗಳಲ್ಲಿ ಚೆನ್ನಬಸವಣ್ಣನವರಿಂದ ದೀಕ್ಷೆಯಾದುದು ವಿಸ್ತಾರವಾಗಿ ಬರುತ್ತದೆ. ಗೂಳೂರು ಸಿದ್ಧವೀರಣ್ಣೊಡೆಯರ ಸಂಪಾದನೆಯನ್ನು ಓದಿದವರಿಗೆ ಇದು ತಿಳಿದ ವಿಷಯ. ಇನ್ನು 'ಕಪಿಲಸಿದ್ಧ ಮಲ್ಲಿಕಾರ್ಜುನ' ಅಂಕಿತದ ವಚನಗಳು ಎರಡೂ ಪಕ್ಷದವರ ಕೈಯಲ್ಲಿವೆ. ದೀಕ್ಷೆಯಾಯಿತೆಂಬವರು ಚೆನ್ನಬಸವಣ್ಣನವರನ್ನು ಗುರುವೆಂದು ಕೊಂಡಾಡುವ ವಚನಗಳನ್ನು ಎತ್ತಿ ತೋರಿಸುತ್ತಾರೆ. ಆಗಲಿಲ್ಲವೆಂಬವರು ಅವುಗಳನ್ನೇ ಪ್ರಕ್ಷಿಪ್ತವೆಂದು ತಳ್ಳಿ, ಯೋಗಪರವಾದ ವಚನಗಳನ್ನು ಮುಂದಿಡುತ್ತಾರೆ. ಪ್ರಕ್ಷೇಪಗಳು ಇಲ್ಲವೆಂದು ನನ್ನ ವಾದವಲ್ಲ; ಹಲವಿವೆ. ಆದರೆ ನಮಗೆ ಒಗ್ಗದ ವಚನಕ್ಕೆ ಮಾತ್ರ ಹಸ್ತಪ್ರತಿಯ ಸಾಕ್ಷ್ಯವನ್ನು ಕೇಳಿ, ಒಗ್ಗಿದುದನ್ನು ಪರೀಕ್ಷೆಯಿಲ್ಲದೆ ಒಳಗೆ ಬಿಟ್ಟುಕೊಳ್ಳುವುದು ಯಾವ ನ್ಯಾಯ? ಸುಂಕದ ಕಟ್ಟೆಯಲ್ಲಿ ನೆಂಟರ ಗಂಟನ್ನು ಬಿಚ್ಚದೆ ಬಿಟ್ಟಂತೆ!

ಲೋಕವ್ಯವಹಾರದಲ್ಲಿಯೂ ಇದೇ ಕಥೆ. ಆಂಗ್ಲ ತತ್ತ್ವಜ್ಞ ಫ್ರಾನ್ಸಿಸ್ ಬೇಕನ್ನನು 1620ರಲ್ಲಿ ಪ್ರಕಟಿಸಿದ 'ನೋವಮ್ ಆರ್ಗಾನಮ್' ಗ್ರಂಥದಲ್ಲಿ ಹಳೆಯ ಪ್ರಸಂಗವೊಂದನ್ನು ಸ್ಮರಿಸುತ್ತಾನೆ. ಹರಕೆ ಹೊತ್ತು ಹಡಗಿನ ಅಪಘಾತದಿಂದ ಪಾರಾದವರ ಚಿತ್ರಗಳನ್ನು ದೇವಾಲಯದಲ್ಲಿ ಒಬ್ಬನಿಗೆ ತೋರಿಸಿದಾಗ, ಹರಕೆ ಹೊತ್ತೂ ಮುಳುಗಿದವರ ಚಿತ್ರಗಳೆಲ್ಲಿ ಎಂದು ಅವನು ಕೇಳಿದನಂತೆ. ನಮ್ಮಲ್ಲಿ ಬೆಕ್ಕು ಅಡ್ಡಬಂದ ದಿನ ಕೆಲಸ ಕೆಟ್ಟರೆ ವರ್ಷಗಟ್ಟಲೆ ನೆನಪು; ಕೈಗೂಡಿದರೆ ಸಂಜೆಯೊಳಗೆ ಬೆಕ್ಕು ಮರೆತಿರುತ್ತದೆ. ಶಕುನಗಳನ್ನು ನಂಬಬೇಡಿರೆಂದು ಶರಣರು ಹೇಳಿದುದನ್ನು ವೇದಿಕೆಯಲ್ಲಿ ವಿವರಿಸಿದವರೂ ಇದಕ್ಕೆ ಹೊರತಲ್ಲ.

ವಚನಾಭ್ಯಾಸಿಯು ಮಾಡಬಹುದಾದ ಕೆಲಸವೊಂದಿದೆ. ಅಭಿಪ್ರಾಯವನ್ನು ಬರೆಯುವ ಮುನ್ನ, ಎಂಥ ವಚನ ದೊರೆತರೆ ಇದನ್ನು ಕೈಬಿಡುವೆನೆಂದು ಗುರುತುಹಾಕಿಕೊಂಡು, ಅಂಥದನ್ನೇ ಮೊದಲು ಹುಡುಕುವುದು. ಸಿದ್ಧರಾಮೇಶ್ವರರ ವಿಷಯದಲ್ಲಿ ಮೊದಲ ಸಂಪಾದನಕಾರನ ಮೌನವನ್ನು ದೀಕ್ಷೆ ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವೆನ್ನುವವರು, ಅವನು ಹನ್ನೆರಡನೆಯ ಶತಮಾನಕ್ಕೆ ಸುಮಾರು ಮುನ್ನೂರು ವರ್ಷ ಈಚಿನವನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಂತರದವರ ವಿಸ್ತಾರವನ್ನು ಪ್ರಮಾಣವೆನ್ನುವವರು, ಇವರು ಅವನಿಗಿಂತಲೂ ಈಚಿನವರೆಂಬುದನ್ನು ಮರೆಯಬಾರದು. ಮಹಾದೇವಯ್ಯನು ಏಕೆ ಹೇಳಲಿಲ್ಲ, ಮುಂದಿನವರಿಗೆ ಹೇಳಲೇಬೇಕೆಂದು ಏಕೆ ತೋರಿತು — ಈ ಎರಡು ಪ್ರಶ್ನೆಗಳನ್ನು ಒಬ್ಬನೇ ವಿದ್ಯಾರ್ಥಿ ಒಟ್ಟಿಗೆ ಎತ್ತಿಕೊಂಡು ಓದುವುದು ಒಳಿತು.